ಅಮ್ಮ ಆರು ತಿಂಗಳಿಂದ ಭಾರ ಎತ್ತುತ್ತಿದ್ದಾರೆ, ಮೆಷಿನ್ ಮಾತ್ರ ಸ್ನಾಯು ಕಮ್ಮಿಯಾಗಿದೆ ಅನ್ನುತ್ತದೆ. ಯಾವುದನ್ನು ನಂಬುವುದು?

ಕುಂಜಿಬೆಟ್ಟು ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನನ್ನ ಅಮ್ಮನಿಗೆ 68 ವರ್ಷ, ಎತ್ತರ 152 ಸೆಂಟಿಮೀಟರ್. ಬಿಪಿ ಮಾತ್ರೆ ಉಂಟು, ಸಕ್ಕರೆ ಕಾಯಿಲೆ ಇಲ್ಲ. ಹೋದ ದೀಪಾವಳಿ ಹೊತ್ತಿಗೆ ಹೆರೆಮಣೆಯಲ್ಲಿ ಕೂತು ಕಾಯಿ ಹೆರೆಯುವುದನ್ನು ಬಿಟ್ಟರು. "ಕೂರಬಹುದು ಮಗಾ, ಏಳುವುದು ಯಾರು?" ಅಂದರು. ಅಷ್ಟು ವರ್ಷ ನೆಲದಲ್ಲೇ ಅಡುಗೆ ಕೆಲಸ ಮಾಡಿದವರು. ನನಗೆ ಆ ಮಾತು ತುಂಬಾ ಚುಚ್ಚಿತು.

ಡಾಕ್ಟ್ರ ಹತ್ತಿರ ಕೇಳಿಕೊಂಡು ಜನವರಿಯಿಂದ ವಾರಕ್ಕೆ ಮೂರು ದಿನ ಮನೆಯಲ್ಲೇ ವ್ಯಾಯಾಮ ಶುರು ಮಾಡಿದೆವು. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ದಂಡ, ಡಂಬೆಲ್, ರಬ್ಬರ್ ಬ್ಯಾಂಡ್. ಒಂದು ವಾರವೂ ತಪ್ಪಿಸಿಲ್ಲ. ಶುರು ಮಾಡುವಾಗಲೇ ಕೊಬ್ಬು, ಸ್ನಾಯು ಎಲ್ಲ ತೋರಿಸುವ ತೂಕದ ಮೆಷಿನ್ ಒಂದನ್ನು ತಂದಿದ್ದೆ. ಜನವರಿಯಲ್ಲಿ ತೂಕ 56.2 ಕಿಲೋ, ಕೊಬ್ಬು ಶೇ. 36.8, ಸ್ನಾಯು 33.4 ಕಿಲೋ ಇತ್ತು. ಮೊನ್ನೆ ಮತ್ತೆ ನಿಲ್ಲಿಸಿದೆ. ತೂಕ 55.6, ಕೊಬ್ಬು 38.1, ಸ್ನಾಯು 32.4. ಕೆಳಗೆ "ದೇಹದ ವಯಸ್ಸು 79" ಅಂತ ಬೇರೆ.

ಅಮ್ಮ ಅದನ್ನು ಓದಿ ಏನೂ ಹೇಳಲಿಲ್ಲ. ಮರುದಿನ ಡಂಬೆಲ್ ಮುಟ್ಟಲಿಲ್ಲ. ಇವತ್ತಿಗೆ ನಾಲ್ಕು ದಿನ ಆಯಿತು. "ಇಷ್ಟು ಬೆವರಿಳಿಸಿ ಇದ್ದದ್ದೂ ಕರಗಿತಲ್ವಾ" ಅಂತ ಒಮ್ಮೆ ಮಾತ್ರ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ.

ನಿಜವಾಗಿ ಸ್ನಾಯು ಕಮ್ಮಿಯಾಗಿರಬಹುದಾ? ಎಕ್ಸ್‌ರೇಯಿಂದ ಎಲುಬು, ಕೊಬ್ಬು ಎಲ್ಲ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಬೇಕಾ? ಜಿಮ್‌ಗಳಲ್ಲಿ ಕೈಯಲ್ಲೂ ಹಿಡಿದು ನಿಲ್ಲುವ ದೊಡ್ಡ ಮೆಷಿನ್ ಇರುತ್ತದಲ್ಲಾ, ಅದು ಪರವಾಗಿಲ್ಲವಾ? ಗೊತ್ತಿರುವವರು ಹೇಳಿ.

ಮಲ್ಪೆ ತಮ್ಮ

ಅಕ್ಕ, ಎರಡು ಸಲವೂ ಒಂದೇ ಹೊತ್ತಿಗೆ ನಿಲ್ಲಿಸಿದ್ರಾ? ನಾನು ಒಮ್ಮೆ ಬೆಳಿಗ್ಗೆ ನೋಡಿ, ಸಂಜೆ ಬೀಚಿನಲ್ಲಿ ವಾಲಿಬಾಲ್ ಆಡಿ ಬಂದು ಮತ್ತೆ ನೋಡಿದ್ದೆ. ಕೊಬ್ಬು ಶೇ. 2ರಷ್ಟು ವ್ಯತ್ಯಾಸ ತೋರಿಸಿತು. ಒಂದೇ ದಿನದಲ್ಲಿ ಅಷ್ಟು ಬದಲಾಗಲಿಕ್ಕೆ ಸಾಧ್ಯವೇ ಇಲ್ಲ.

ಕುಂಜಿಬೆಟ್ಟು ಮಗಳು

ತಮ್ಮಾ, ನೀನು ಕೇಳಿದ ಮೇಲೆ ನೆನಪು ಮಾಡಿಕೊಂಡೆ. ಜನವರಿಯಲ್ಲಿ ನಿಲ್ಲಿಸಿದ್ದು ಸಂಜೆ, ಕಾಫಿ ತಿಂಡಿ ಎಲ್ಲ ಆದ ಮೇಲೆ. ಮೊನ್ನೆ ನಿಲ್ಲಿಸಿದ್ದು ದ್ವಾದಶಿ ಬೆಳಿಗ್ಗೆ, ಪಾರಣೆಗೆ ಮೊದಲು. ಅಮ್ಮ ಏಕಾದಶಿಗೆ ನೀರೂ ಮುಟ್ಟುವುದಿಲ್ಲ. ಇದರಿಂದ ಅಷ್ಟು ವ್ಯತ್ಯಾಸ ಆಗುತ್ತದಾ?

ಕಂಕನಾಡಿ ಫಿಸಿಯೋ

ಆಗುತ್ತದೆ ಮೇಡಂ. ನಿಮ್ಮ ಅಮ್ಮನ ವಿಷಯದಲ್ಲಿ ಅದೇ ಆಗಿದೆ ಅಂತ ನನಗೆ ಅನಿಸುತ್ತದೆ. ನಾನು 14 ವರ್ಷದಿಂದ ಹಿರಿಯರಿಗೇ ವ್ಯಾಯಾಮ ಹೇಳಿಕೊಡುವವನು. ಈ ಒಂದು ಕಾರಣಕ್ಕೆ ಒಳ್ಳೆಯ ಅಭ್ಯಾಸ ಬಿಟ್ಟವರನ್ನು ತುಂಬಾ ಜನ ನೋಡಿದ್ದೇನೆ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಆ ಮೆಷಿನ್ ಸ್ನಾಯುವನ್ನು ನೋಡುವುದೇ ಇಲ್ಲ. ಪಾದದ ಮೂಲಕ ನಮಗೆ ಗೊತ್ತಾಗದಷ್ಟು ಸಣ್ಣ ಕರೆಂಟ್ ಬಿಡುತ್ತದೆ. ಅದು ಎಷ್ಟು ಸಲೀಸಾಗಿ ಹರಿಯಿತು ಅಂತ ಅಳೆಯುತ್ತದೆ. ಅಳತೆ ಅಷ್ಟೇ. ಸ್ನಾಯುವಿನಲ್ಲಿ ನಾಲ್ಕರಲ್ಲಿ ಮೂರು ಪಾಲು ನೀರು, ಕರೆಂಟ್ ಸುಲಭವಾಗಿ ಹರಿಯುತ್ತದೆ. ಕೊಬ್ಬಿನಲ್ಲಿ ನೀರು ಕಮ್ಮಿ, ಕರೆಂಟಿಗೆ ತಡೆ ಜಾಸ್ತಿ. ಈ ತಡೆಯ ಜೊತೆಗೆ ಎತ್ತರ, ತೂಕ, ಗಂಡೋ ಹೆಣ್ಣೋ ಎಲ್ಲ ಸೇರಿಸಿ ಒಂದು ಸೂತ್ರ ಲೆಕ್ಕ ಹಾಕುತ್ತದೆ. ಅಂದರೆ "32.4 ಕಿಲೋ ಸ್ನಾಯು" ಅನ್ನುವುದು ಅಂದಾಜು. ದೇಹದಲ್ಲಿ ನೀರು ಕಮ್ಮಿಯಾದರೆ ಕರೆಂಟಿಗೆ ತಡೆ ಜಾಸ್ತಿ ಸಿಗುತ್ತದೆ. ಮೆಷಿನ್ ಅದನ್ನು ಕೊಬ್ಬು ಅಂದುಕೊಳ್ಳುತ್ತದೆ. ನಿರ್ಜಲ ಏಕಾದಶಿ ಮಾಡಿ ಮರುದಿನ ಬೆಳಿಗ್ಗೆ ನಿಂತರೆ ಸ್ನಾಯು ಕಮ್ಮಿ, ಕೊಬ್ಬು ಜಾಸ್ತಿ ಬರಲೇಬೇಕು.

ಇನ್ನೂ ಕೆಲವು ಉಂಟು. ಹಿಮ್ಮಡಿ ಒಡೆದು ಪಾದ ಒಣಗಿದ್ದರೆ ಮೆಷಿನಿಗೆ ಸರಿಯಾಗಿ ತಾಗುವುದಿಲ್ಲ. ಪಾದದಿಂದ ಪಾದಕ್ಕೆ ಹರಿಯುವ ಕರೆಂಟ್ ಹೆಚ್ಚಾಗಿ ಕಾಲುಗಳ ಸುದ್ದಿ ಹೇಳುತ್ತದೆ, ಕೈ ಮತ್ತು ಹೊಟ್ಟೆಯದ್ದು ಊಹೆ. ಜಿಮ್‌ನ ದೊಡ್ಡ ಮೆಷಿನ್ ಕೈಗಳನ್ನೂ ಸೇರಿಸಿಕೊಳ್ಳುತ್ತದೆ, ಆ ಮಟ್ಟಿಗೆ ವಾಸಿ. ಆದರೆ ನೀರಿನ ತೊಂದರೆ ಅದಕ್ಕೂ ತಪ್ಪಿದ್ದಲ್ಲ. ಎಷ್ಟೋ ಸೂತ್ರಗಳಲ್ಲಿ ವಯಸ್ಸೂ ಸೇರಿರುತ್ತದೆ. ಅಂಥ ಮೆಷಿನಿನಲ್ಲಿ ಒಂದು ಹುಟ್ಟುಹಬ್ಬ ಕಳೆದರೆ ಸಾಕು, ದೇಹದಲ್ಲಿ ಏನೂ ಬದಲಾಗದಿದ್ದರೂ ಅಂಕಿ ಬದಲಾಗುತ್ತದೆ. "ದೇಹದ ವಯಸ್ಸು 79" ಅನ್ನುವುದಕ್ಕೆ ವೈದ್ಯಕೀಯದಲ್ಲಿ ಯಾವ ಬೆಲೆಯೂ ಇಲ್ಲ. ಅಮ್ಮನಿಗೆ ಇದನ್ನು ಇವತ್ತೇ ಹೇಳಿ.

ಒಂದು ಪ್ರಶ್ನೆ. ಅಮ್ಮನ ಬಿಪಿ ಮಾತ್ರೆ ಅಮ್ಲೋಡಿಪಿನ್ ಹೌದಾ? ಸಂಜೆ ಹೊತ್ತಿಗೆ ಕಾಲು ಊದುತ್ತದಾ?

ಕುಂಜಿಬೆಟ್ಟು ಮಗಳು

ಹೌದು ಸರ್, ಅದೇ ಮಾತ್ರೆ. ಸಂಜೆ ಪಾದದ ಗಂಟಿನ ಹತ್ತಿರ ಸ್ವಲ್ಪ ಊದುತ್ತದೆ. ಡಾಕ್ಟ್ರಿಗೆ ಗೊತ್ತುಂಟು.

ಕಂಕನಾಡಿ ಫಿಸಿಯೋ

ಹಾಗಾದರೆ ಜನವರಿಯ ಸಂಜೆಯ ಅಂಕಿಯೂ ಸರಿಯಲ್ಲ. ಕಾಲಲ್ಲಿ ನಿಂತ ನೀರನ್ನು ಮೆಷಿನ್ ಸ್ನಾಯು ಅಂತ ಲೆಕ್ಕ ಹಾಕಿರುತ್ತದೆ. ಆಗ ಜಾಸ್ತಿ ತೋರಿಸಿತು, ಈಗ ಕಮ್ಮಿ ತೋರಿಸಿತು. ಎರಡರ ನಡುವಿನ ಆ ಒಂದು ಕಿಲೋ ಸ್ನಾಯು ಅಲ್ಲ, ನೀರು.

ಬಿಜೈ ಮಾವ

ನನಗೆ ಈಗ 71. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಭಾರ ಎತ್ತಲು ಕಲಿತವನು. ಮಗಳೇ, ನಿನ್ನ ಅಮ್ಮನಿಗೆ ಆದದ್ದು ನನಗೂ ಆಗಿದೆ, ಅದೂ ಡೆಕ್ಸಾದಲ್ಲೇ. ಮೂರು ವರ್ಷದ ಹಿಂದೆ ಒಂದು ಕಡೆ ಇಡೀ ದೇಹದ ಸ್ಕ್ಯಾನ್ ಮಾಡಿಸಿದೆ. ವರ್ಷ ಕಳೆದು ಇನ್ನೊಂದು ಕಡೆ ಮಾಡಿಸಿದೆ, ಮನೆಗೆ ಹತ್ತಿರ ಅಂತ. 1.8 ಕಿಲೋ ಸ್ನಾಯು ಕಮ್ಮಿ ಬಂತು. ಆ ವರ್ಷ ನಾನು ಎತ್ತುವ ಭಾರ ಹೆಚ್ಚುಕಮ್ಮಿ ದುಪ್ಪಟ್ಟಾಗಿತ್ತು! ರಾತ್ರಿ ನಿದ್ದೆ ಬರಲಿಲ್ಲ. ಕ್ಯಾನ್ಸರ್ ಏನಾದರೂ ಇರಬಹುದಾ ಅಂತ ಹೆದರಿ ರಕ್ತ ಪರೀಕ್ಷೆ ಎಲ್ಲ ಮಾಡಿಸಿದೆ. ಕೊನೆಗೆ ಗೊತ್ತಾದದ್ದು, ಎರಡೂ ಕಡೆಯ ಮೆಷಿನ್ ಬೇರೆ ಬೇರೆ ಕಂಪನಿಯದ್ದು, ಅವುಗಳ ಅಂಕಿ ಒಂದಕ್ಕೊಂದು ಹೋಲಿಸುವ ಹಾಗೇ ಇಲ್ಲ ಅಂತ. ನನಗೆ ಇದನ್ನು ಸ್ಕ್ಯಾನಿಗೆ ಮೊದಲೇ ಯಾರಾದರೂ ಹೇಳಬೇಕಿತ್ತು.

ಈಗ ನಾನು ನಂಬುವುದು ನನ್ನ ನೋಟ್‌ಬುಕ್ಕನ್ನು. ಯಾವ ದಿನ, ಯಾವ ವ್ಯಾಯಾಮ, ಎಷ್ಟು ಕಿಲೋ, ಎಷ್ಟು ಸಲ. ಅಷ್ಟೇ ಬರೆಯುವುದು. ನೀವು ಬರೆದಿಟ್ಟಿದ್ದೀರಾ?

ಸ್ಕ್ಯಾನ್ ಕೋಣೆಯಿಂದ

ಬಿಜೈ ಮಾವ ಹೇಳಿದ್ದು ಅಕ್ಷರಕ್ಷರ ಸತ್ಯ. ನಾನು ಡೆಕ್ಸಾ ಮಾಡುವ ಕೆಲಸದಲ್ಲೇ ಇರುವವಳು. ನನ್ನ ಕಡೆಯಿಂದ ಸ್ವಲ್ಪ.

ಡೆಕ್ಸಾದಲ್ಲಿ ಎರಡು ಬೇರೆ ಬೇರೆ ಶಕ್ತಿಯ ಎಕ್ಸ್‌ರೇ ಬಿಡುತ್ತೇವೆ. ಎಲುಬು, ಕೊಬ್ಬು, ಉಳಿದ ಮೆತ್ತನೆ ಭಾಗ ಈ ಎರಡನ್ನೂ ಬೇರೆ ಬೇರೆ ರೀತಿ ತಡೆಯುತ್ತವೆ. ಅದರಿಂದ ಮೂರನ್ನೂ ವಿಂಗಡಿಸುತ್ತೇವೆ. ವಿಕಿರಣದ ಭಯ ಬೇಡ, ಎದೆಯ ಒಂದು ಎಕ್ಸ್‌ರೇಗಿಂತಲೂ ಕಮ್ಮಿ. ಹತ್ತು ನಿಮಿಷ ಅಲುಗಾಡದೆ ಮಲಗಿದರೆ ಸಾಕು. ಆದರೆ ರಿಪೋರ್ಟಿನಲ್ಲಿ "ಲೀನ್" ಅಂತ ಬರುವುದು ಪೂರ್ತಿ ಸ್ನಾಯು ಅಲ್ಲ. ಲಿವರ್, ಕರುಳು, ಚರ್ಮ, ಮೈಯಲ್ಲಿರುವ ನೀರು ಎಲ್ಲ ಅದರೊಳಗೇ. ಕಾಲು ಊದಿದ್ದರೆ ಅದೂ ಲೀನ್. ಅದಕ್ಕೇ ಕೈಕಾಲುಗಳ ಲೀನ್ ಮಾತ್ರ ಕೂಡಿಸಿ, ಮೀಟರಿನಲ್ಲಿ ಎತ್ತರದ ವರ್ಗದಿಂದ ಭಾಗಿಸಿ ನೋಡುವುದು. ಕೈಕಾಲಿನಲ್ಲಿ ಬೇರೆ ಅಂಗಗಳು ಇಲ್ಲವಲ್ಲ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಹಾಕಿದ ಗೆರೆ ಪ್ರಕಾರ ಈ ಅಂಕಿ ಗಂಡಸರಿಗೆ 7.0, ಹೆಂಗಸರಿಗೆ 5.4ಕ್ಕಿಂತ ಕಮ್ಮಿ ಬಂದರೆ ಸ್ನಾಯು ಕಮ್ಮಿ ಅಂತ.

ಮುಖ್ಯ ಮಾತು ಇದು. ಯಾವ ಒಳ್ಳೆಯ ಮೆಷಿನಿನಲ್ಲೂ ಒಬ್ಬರನ್ನೇ ಮಲಗಿಸಿ, ಎಬ್ಬಿಸಿ, ಮತ್ತೆ ಮಲಗಿಸಿದರೆ ಅಂಕಿ ಸ್ವಲ್ಪ ಬೇರೆ ಬರುತ್ತದೆ. ಲೀನ್‌ಗೆ ಈ ವ್ಯತ್ಯಾಸ ಶೇ. 1 ಅಂತ ಇಟ್ಟುಕೊಳ್ಳಿ. ಎರಡು ಸ್ಕ್ಯಾನ್ ಹೋಲಿಸುವಾಗ ಅದನ್ನು 2.77ರಿಂದ ಗುಣಿಸಬೇಕು. ಅದಕ್ಕಿಂತ ದೊಡ್ಡ ಬದಲಾವಣೆ ಬಂದರೆ ಮಾತ್ರ ನಿಜ ಅಂತ ಧೈರ್ಯವಾಗಿ ಹೇಳಬಹುದು. ಅಕ್ಕನ ಅಮ್ಮನಿಗೆ ಲೀನ್ 35 ಕಿಲೋ ಇದ್ದರೆ ಆ ಗೆರೆ ಸುಮಾರು ಒಂದು ಕಿಲೋ. ಅರ್ಧ ಕಿಲೋ ಏರಿತು ಅಂತ ಖುಷಿಪಡುವುದೂ ತಪ್ಪು, ಅರ್ಧ ಕಿಲೋ ಇಳಿಯಿತು ಅಂತ ಅಳುವುದೂ ತಪ್ಪು.

ಮಾಡಿಸುವುದಾದರೆ ಮೊದಲೇ ಫೋನ್ ಮಾಡಿ ಕೇಳಿ. ಹೆಚ್ಚಿನವರಿಗೆ ಸೊಂಟ, ಬೆನ್ನಿನ ಎಲುಬಿನ ಸಾಂದ್ರತೆ ಮಾತ್ರ ನೋಡುತ್ತಾರೆ. ಇಡೀ ದೇಹದ ಕೊಬ್ಬು ಮತ್ತು ಲೀನ್ ಬೇಕು ಅಂತ ಬಿಡಿಸಿ ಹೇಳಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ, ಆದರೆ ಹಿಂದಿನ ದಿನ ಎಂದಿನ ಹಾಗೆ ಊಟ ಮಾಡಿ, ನೀರು ಕುಡಿದು ಬನ್ನಿ. ಬಳೆ, ಕರಿಮಣಿ ತೆಗೆದಿಡಿ. ಮಂಡಿಗೆ ಲೋಹ ಹಾಕಿಸಿಕೊಂಡವರು ಮೊದಲೇ ತಿಳಿಸಿ, ಆ ಕಾಲಿನ ಅಂಕಿ ಕೆಡುತ್ತದೆ. ಮುಂದಿನ ಸಲವೂ ಅದೇ ಜಾಗ, ಅದೇ ಮೆಷಿನ್.

ಬೆಂಗಳೂರಲ್ಲಿರುವ ಕುಂದಾಪುರದವ

ಇಷ್ಟೆಲ್ಲ ಯಾಕೆ? ಒಂದು ಟೇಪ್ ಸಾಲದಾ? ಅಪ್ಪಯ್ಯನಿಗೆ 80. ಅವರ ಮೀನಖಂಡದ ಸುತ್ತಳತೆ ತಿಂಗಳಿಗೊಮ್ಮೆ ತಮ್ಮ ನೋಡುತ್ತಾನೆ. ನಮಗೆ ಅದೇ ಸಾಕಾಗಿದೆ.

ಮೆಷಿನ್ ಮೇಲೆ ಅವರನ್ನು ನಿಲ್ಲಿಸಬಾರದು ಅಂತ ಡಾಕ್ಟ್ರು ಹೇಳಿದ್ದಾರೆ. ಎದೆಯಲ್ಲಿ ಪೇಸ್‌ಮೇಕರ್ ಉಂಟು. ಇದನ್ನು ಎಲ್ಲರೂ ಗಮನಿಸಿ. ಮನೆಯಲ್ಲಿ ಹೊಸ ಮೆಷಿನ್ ಬಂತು ಅಂತ ಅಜ್ಜ ಅಜ್ಜಿಯನ್ನೆಲ್ಲ ಸಾಲಾಗಿ ನಿಲ್ಲಿಸುತ್ತಾರೆ.

ಕಂಕನಾಡಿ ಫಿಸಿಯೋ

ಪೇಸ್‌ಮೇಕರ್ ವಿಷಯ ಹೇಳಿದ್ದು ಬಹಳ ಒಳ್ಳೆಯದಾಯಿತು ಅಣ್ಣ. ಕರೆಂಟ್ ಹರಿಸುವ ಈ ಮೆಷಿನ್‌ಗಳ ಮೇಲೆ ಅಂಥವರು ನಿಲ್ಲಲೇಬಾರದು.

ಟೇಪ್ ಕೆಟ್ಟದ್ದಲ್ಲ. ಮೀನಖಂಡ ಗಂಡಸರಿಗೆ 34, ಹೆಂಗಸರಿಗೆ 33 ಸೆಂಟಿಮೀಟರಿಗಿಂತ ಕಮ್ಮಿ ಇದ್ದರೆ ಮುಂದಿನ ಪರೀಕ್ಷೆ ಮಾಡಿಸಿ ಅಂತ ಅದೇ ಏಷ್ಯಾದ ಗುಂಪು ಹೇಳುತ್ತದೆ. ಆದರೆ ಅದು ಅನುಮಾನಕ್ಕೆ ಸಾಕು, ಬದಲಾವಣೆ ನೋಡಲಿಕ್ಕೆ ಸಾಲದು. ಕಾಲು ಊದುವವರಲ್ಲಿ ಟೇಪ್ ಮೋಸ ಮಾಡುತ್ತದೆ. ತೊಡೆಯಲ್ಲಿ ಇನ್ನೂ ಕಷ್ಟ. ವ್ಯಾಯಾಮದಿಂದ ಚರ್ಮದ ಕೆಳಗಿನ ಕೊಬ್ಬು ಇಳಿದು ಒಳಗೆ ಸ್ನಾಯು ತುಂಬಿದರೆ ಟೇಪಿನ ಅಂಕಿ ಹಾಗೇ ಇರುತ್ತದೆ. ಸೊಂಟದ ಸುತ್ತಳತೆ ಮಾತ್ರ ಖಂಡಿತ ನೋಡಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುಮಧ್ಯ, ಉಸಿರು ಬಿಟ್ಟಾಗ. ನಮ್ಮ ಜನಕ್ಕೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಗೆರೆ.

ಈಗ ನಾನು ಹೇಳಬೇಕು ಅಂತಿದ್ದ ಮಾತು. ವಯಸ್ಸಾದವರಲ್ಲಿ ಬಲ ಮೊದಲು ಬರುತ್ತದೆ, ಸ್ನಾಯುವಿನ ಗಾತ್ರ ಆಮೇಲೆ, ಅದೂ ಸ್ವಲ್ಪ. ಅಮೆರಿಕದಲ್ಲಿ 1994ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನ ಉಂಟು. ವೃದ್ಧಾಶ್ರಮದಲ್ಲಿದ್ದ 100 ಜನ, ಸರಾಸರಿ ವಯಸ್ಸು 87. ಅವರಲ್ಲಿ ಭಾರ ಎತ್ತುವ ವ್ಯಾಯಾಮ ಮಾಡಿದವರಿಗೆ 10 ವಾರದಲ್ಲಿ ಬಲ ಶೇ. 113ರಷ್ಟು ಜಾಸ್ತಿಯಾಯಿತು. ತೊಡೆಯ ಸ್ನಾಯುವಿನ ಗಾತ್ರ ಜಾಸ್ತಿಯಾದದ್ದು ಎಷ್ಟು ಗೊತ್ತಾ? ಶೇ. 2.7. ಮೆಟ್ಟಿಲು ಹತ್ತುವ ಶಕ್ತಿ ಶೇ. 28ರಷ್ಟು ಏರಿತು. ಆ ಅಜ್ಜ ಅಜ್ಜಿಯರನ್ನು ಬರೀ ಗಾತ್ರದಿಂದ ಅಳೆದಿದ್ದರೆ "ಏನೂ ಆಗಿಲ್ಲ" ಅಂತ ಬರೆದುಬಿಡುತ್ತಿದ್ದರು.

ಯಾಕೆ ಹೀಗೆ? ಮೊದಲು ಕಲಿಯುವುದು ನರ. ಇರುವ ಸ್ನಾಯುವಿನಲ್ಲೇ ಎಷ್ಟೋ ಎಳೆಗಳು ವರ್ಷಗಟ್ಟಲೆ ಕೆಲಸವಿಲ್ಲದೆ ಕೂತಿರುತ್ತವೆ. ಅವನ್ನೆಲ್ಲ ಒಟ್ಟಿಗೆ ಎಬ್ಬಿಸಲು ನರ ಕಲಿಯುತ್ತದೆ. ಗಾತ್ರದ ಲೆಕ್ಕಕ್ಕೆ ಬಂದರೆ, 2011ರಲ್ಲಿ 49 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹಿರಿಯರಲ್ಲಿ ಸುಮಾರು ಐದು ತಿಂಗಳ ವ್ಯಾಯಾಮಕ್ಕೆ ಸರಾಸರಿ 1.1 ಕಿಲೋ ಲೀನ್ ಜಾಸ್ತಿಯಾಗಿತ್ತು. ಮೇಲೆ ಸ್ಕ್ಯಾನ್ ಕೋಣೆಯ ಅಕ್ಕ ಹೇಳಿದ ಒಂದು ಕಿಲೋ ಗೆರೆಯನ್ನು ಇದರ ಪಕ್ಕ ಇಟ್ಟು ನೋಡಿ. ನೂರಾರು ಜನರ ಸರಾಸರಿಯಲ್ಲಿ ಅಳತೆಯ ತಪ್ಪು ಒಂದಕ್ಕೊಂದು ವಜಾ ಆಗುತ್ತದೆ. ಒಬ್ಬ ಅಮ್ಮನಲ್ಲಿ ಆಗುವುದಿಲ್ಲ. ಆರು ತಿಂಗಳಲ್ಲಿ ಅವರಿಗೆ ಸಿಗಬಹುದಾದ ಲಾಭವೂ ಡೆಕ್ಸಾದ ತಪ್ಪೂ ಹೆಚ್ಚುಕಮ್ಮಿ ಒಂದೇ ಅಳತೆಯವು. ಹಾಗಿರುವಾಗ ಮನೆಯ ಮೆಷಿನ್ ಎಲ್ಲಿ ಹಿಡಿಯುತ್ತದೆ?

ಅದಕ್ಕೇ ಯುರೋಪಿನ ತಜ್ಞರೂ ಏಷ್ಯಾದವರೂ 2019ರ ಸುಮಾರಿಗೆ ಹೇಳಿದ್ದು, ಬರೀ ಗಾತ್ರ ಅಳೆದರೆ ಸಾಲದು, ಬಲ ಮತ್ತು ಓಡಾಟ ನೋಡಿ ಅಂತ. ಮನೆಯಲ್ಲೇ ಹೀಗೆ ಮಾಡಿ ಮೇಡಂ. ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಅಮ್ಮ ಎರಡೂ ಕೈ ಎದೆ ಮೇಲೆ ಕಟ್ಟಿಕೊಳ್ಳಲಿ. ಐದು ಸಲ ಪೂರ್ತಿ ಎದ್ದು ಕೂರುವುದಕ್ಕೆ ಎಷ್ಟು ಸೆಕೆಂಡ್ ಅಂತ ಮೊಬೈಲಿನಲ್ಲಿ ನೋಡಿ. ನೀವು ಪಕ್ಕದಲ್ಲೇ ನಿಂತಿರಿ. 12 ಸೆಕೆಂಡ್ ಅಥವಾ ಜಾಸ್ತಿ ಬಂದರೆ ಏಷ್ಯಾದ ಲೆಕ್ಕದಲ್ಲಿ ನಿಧಾನ. ಯುರೋಪಿನವರು 15 ದಾಟಿದರೆ ನಿಧಾನ ಅನ್ನುತ್ತಾರೆ. ಆಮೇಲೆ 6 ಮೀಟರ್ ಎಂದಿನ ನಡಿಗೆ. 6 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ನಿಧಾನ. ಕೈಹಿಡಿತದ ಬಲಕ್ಕೆ ನಮ್ಮಂಥವರ ಹತ್ತಿರ ಹಿಡಿದು ಒತ್ತುವ ಮಾಪಕ ಇರುತ್ತದೆ. ಹೆಂಗಸರಿಗೆ 18 ಕಿಲೋ, ಗಂಡಸರಿಗೆ 28 ಕಿಲೋಗಿಂತ ಕಮ್ಮಿ ಇರಬಾರದು.

ಮಣಿಪಾಲದ ಅತ್ತಿಗೆ

ನಾನು ಒಂದು ವಿಷಯದಲ್ಲಿ ಒಪ್ಪುವುದಿಲ್ಲ. "ಬಲ ಇದ್ದರೆ ಸಾಕು, ದೇಹದಲ್ಲಿ ಏನುಂಟು ಅಂತ ನೋಡುವುದೇ ಬೇಡ" ಅಂತ ಜನ ಅರ್ಥ ಮಾಡಿಕೊಂಡಾರು. ನಮ್ಮ ಮನೆಯವರಿಗೆ 66, ಸಕ್ಕರೆ ಕಾಯಿಲೆ. ಡಾಕ್ಟ್ರು ಇಳಿಸಿ ಅಂದರು ಅಂತ ಅನ್ನ ಕಮ್ಮಿ ಮಾಡಿ, ಬೆಳಿಗ್ಗೆ ಇಲ್ಲಿಯ ಎಂಡ್ ಪಾಯಿಂಟ್ ಪಾರ್ಕಿನವರೆಗೆ ನಡೆದು ನಡೆದು 7 ಕಿಲೋ ಇಳಿಸಿದರು. ಎಲ್ಲರೂ ಹೊಗಳಿದರು. ನನಗೆ ಮಾತ್ರ ಅವರ ಭುಜ, ತೊಡೆ ನೋಡಿ ಹೆದರಿಕೆಯಾಯಿತು. ಸ್ಕ್ಯಾನ್ ಮಾಡಿಸಿದ ಮೇಲೆಯೇ ಗೊತ್ತಾದದ್ದು, ಕೈಕಾಲಿನ ಅಂಕಿ 6.7 ಇತ್ತು, ಗೆರೆಗಿಂತ ಕೆಳಗೆ. ಆಮೇಲೆ ಡಂಬೆಲ್ ಹಿಡಿಸಿದೆವು. ಸ್ಕ್ಯಾನ್ ಇಲ್ಲದಿದ್ದರೆ ಅವರು ನಡೆಯುತ್ತಲೇ, ಸೊರಗುತ್ತಲೇ ಇರುತ್ತಿದ್ದರು.

ಕಂಕನಾಡಿ ಫಿಸಿಯೋ

ಅತ್ತಿಗೆ, ನೀವು ಹೇಳಿದ್ದು ಸರಿ. ನಾನು ಅದನ್ನು ಸೇರಿಸಬೇಕಿತ್ತು. ತೂಕ ಇಳಿಸುವವರಲ್ಲಿ ಇಳಿದದ್ದರಲ್ಲಿ ಎಷ್ಟು ಕೊಬ್ಬು, ಎಷ್ಟು ಸ್ನಾಯು ಅಂತ ನೋಡಲೇಬೇಕು. ಅಲ್ಲಿ ಬದಲಾವಣೆ ದೊಡ್ಡದು, ಡೆಕ್ಸಾಕ್ಕೆ ಸಿಗುತ್ತದೆ. ಹಾಗೆಯೇ ಪ್ರಯತ್ನ ಮಾಡದೆ ಒಂದು ವರ್ಷದೊಳಗೆ ತೂಕ ಶೇ. 5ರಷ್ಟು ಇಳಿದರೆ ಅದು ವ್ಯಾಯಾಮದ ಮಾತಲ್ಲ, ನೇರ ಡಾಕ್ಟ್ರ ಹತ್ತಿರ ಹೋಗಬೇಕು.

ಮಲ್ಪೆ ತಮ್ಮ

ಪುಡಿ ಬಗ್ಗೆ ಹೇಳಿ ಸರ್. ಮೊನ್ನೆ ಒಂದು ಜಿಮ್‌ನಲ್ಲಿ ಅಮ್ಮನ ತಂಗಿಗೆ, 62 ವರ್ಷ ಅವರಿಗೆ, ಮೆಷಿನಿನ ಕಾಗದ ಕೊಟ್ಟು "ಸ್ನಾಯು ಕಮ್ಮಿ ಉಂಟು" ಅಂತ ಹೇಳಿ ಅಲ್ಲೇ ದೊಡ್ಡ ಡಬ್ಬಿ ಮಾರಿದರು. ಒಂದು ವಾರ ಬಿಟ್ಟು ಮತ್ತೆ ನಿಲ್ಲಿಸಿದಾಗ ಅಂಕಿ ಏರಿತ್ತು. ಚಿಕ್ಕಮ್ಮ ಪೂರ್ತಿ ನಂಬಿದ್ದಾರೆ.

ಕಂಕನಾಡಿ ಫಿಸಿಯೋ

ಡಬ್ಬಿಯ ಮೇಲೆ ಕ್ರಿಯಾಟಿನ್ ಅಂತ ಬರೆದಿದೆಯಾ ನೋಡು. ಅದು ಸ್ನಾಯುವಿನೊಳಗೆ ನೀರು ಹಿಡಿದಿಡುತ್ತದೆ. ವಾರದಲ್ಲಿ ಅಂಕಿ ಏರುವುದು ಆ ನೀರಿನಿಂದ. ಕ್ರಿಯಾಟಿನ್ ಕೆಟ್ಟ ವಸ್ತು ಅಂತ ನಾನು ಹೇಳುತ್ತಿಲ್ಲ, ವ್ಯಾಯಾಮದ ಜೊತೆ ಸ್ವಲ್ಪ ಸಹಾಯ ಮಾಡುತ್ತದೆ. ಆದರೆ ಒಂದು ವಾರದಲ್ಲಿ ಯಾರಿಗೂ ಹೊಸ ಸ್ನಾಯು ಬೆಳೆಯುವುದಿಲ್ಲ. ಕಿಡ್ನಿ ತೊಂದರೆ ಇರುವವರು ಡಾಕ್ಟ್ರನ್ನು ಕೇಳದೆ ಯಾವ ಪುಡಿಯನ್ನೂ ಮುಟ್ಟಬಾರದು.

ಊಟದಲ್ಲಿ ಪ್ರೋಟೀನ್ ಮಾತ್ರ ಬೇಕೇ ಬೇಕು. ನಮ್ಮ ದೇಶದ 2020ರ ಲೆಕ್ಕ ದೊಡ್ಡವರಿಗೆ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ. ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಬೇಕು ಅಂತ ಅನೇಕ ತಜ್ಞರು ಹೇಳುತ್ತಾರೆ. 55 ಕಿಲೋದ ಅಮ್ಮನಿಗೆ 55ರಿಂದ 66 ಗ್ರಾಂ. ಬೆಳಿಗ್ಗೆ ಗಂಜಿ ಉಪ್ಪಿನಕಾಯಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅದೇ ಅಂದರೆ ಇದು ತಲುಪುವುದಿಲ್ಲ. ಗಂಜಿಗೆ ಹೆಸರುಕಾಳಿನ ಪಲ್ಯ ಇರಲಿ. ಹುರುಳಿ 100 ಗ್ರಾಂನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಉಂಟು, ಸಾರು ಮಾಡಿ ಕಾಳನ್ನು ಬಿಡಬೇಡಿ, ಅದನ್ನೂ ತಿನ್ನಿ. ಮೀನು ತಿನ್ನುವ ಮನೆಗಳಿಗೆ ಬಂಗುಡೆ, ಬೂತಾಯಿ ಇರುವಾಗ ಡಬ್ಬಿಯ ಚಿಂತೆಯೇ ಬೇಡ.

ಕುಂಜಿಬೆಟ್ಟು ಮಗಳು

ಎಲ್ಲರಿಗೂ ಎಷ್ಟು ಕೃತಜ್ಞತೆ ಹೇಳಲಿ. ನಿನ್ನೆ ರಾತ್ರಿ ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ನೀರಿನ ವಿಷಯ ಎರಡು ಸಲ ಓದಿಸಿದರು. ಬೆಳಿಗ್ಗೆ ಕುರ್ಚಿ ಪರೀಕ್ಷೆ ಮಾಡಿದೆವು. ಐದು ಸಲಕ್ಕೆ 13.4 ಸೆಕೆಂಡ್. ಅಂದರೆ ಇನ್ನೂ ನಿಧಾನ. ಆರು ಮೀಟರ್ ನಡಿಗೆ 5.5 ಸೆಕೆಂಡ್.

ಆದರೆ ಜನವರಿಯಲ್ಲಿ ಇದನ್ನೆಲ್ಲ ಮಾಡಿಸಲೇ ಇಲ್ಲವಲ್ಲ. ಆಗ ಎಷ್ಟಿತ್ತು ಅಂತ ಗೊತ್ತಿಲ್ಲದೆ ಈಗ ಸುಧಾರಿಸಿದ್ದಾರೆ ಅಂತ ಹೇಗೆ ಹೇಳುವುದು? ಬಿಜೈ ಮಾವ, ನೀವು ಹೇಳಿದ ಹಾಗೆ ನೋಟ್‌ಬುಕ್ ಇಟ್ಟಿಲ್ಲ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಅಮ್ಮ ಏನೋ ಗೀಚುತ್ತಿದ್ದರು, ಅಷ್ಟೇ.

ಬಿಜೈ ಮಾವ

ಆ ಕ್ಯಾಲೆಂಡರ್ ತೆಗೆ ಮಗಳೇ! ಅದರಲ್ಲಿ ಏನುಂಟು ಅಂತ ಪೂರ್ತಿ ಬರಿ.

ಕುಂಜಿಬೆಟ್ಟು ಮಗಳು

ತೆಗೆದೆ ಮಾವ. ಓದುತ್ತಾ ಓದುತ್ತಾ ಕಣ್ಣು ತುಂಬಿ ಬಂತು.

ಜನವರಿ 9ರಂದು "ಕುರ್ಚಿ, 2 ದಿಂಬು, ಕೈ ಊರಿ, 4" ಅಂತ ಉಂಟು. ಅಂದರೆ ಎರಡು ದಿಂಬು ಇಟ್ಟು ಎತ್ತರ ಮಾಡಿದ ಕುರ್ಚಿಯಿಂದ, ಕೈ ಊರಿಕೊಂಡು, ನಾಲ್ಕೇ ಸಲ. ಫೆಬ್ರವರಿ ಕೊನೆಗೆ "1 ದಿಂಬು, 8". ಏಪ್ರಿಲ್‌ನಲ್ಲಿ "ದಿಂಬು ಇಲ್ಲ, ಕೈ ಇಲ್ಲ, 6". ಜೂನ್‌ನಲ್ಲಿ "10, ಮೂರು ಸಲ". ಡಂಬೆಲ್ ಜನವರಿಯಲ್ಲಿ 1 ಕಿಲೋ, ಈಗ 4 ಕಿಲೋ. ಮೇ ತಿಂಗಳ ಒಂದು ಚೌಕದಲ್ಲಿ ಸಂಖ್ಯೆಯೇ ಇಲ್ಲ. "ಬಸ್ಸು, ಕಂಬಿ ಎಳೆಯದೆ ಹತ್ತಿದೆ" ಅಂತ ಬರೆದಿದ್ದಾರೆ. ನಮ್ಮ ಸಿಟಿ ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಅಂತ ನಿಮಗೆಲ್ಲ ಗೊತ್ತಲ್ವಾ. ನನಗೆ ಅವರು ಹೇಳಿರಲೇ ಇಲ್ಲ.

ಕಂಕನಾಡಿ ಫಿಸಿಯೋ

ಮೇಡಂ, ಜನವರಿಯಲ್ಲಿ ನಾನು ಈ ಕುರ್ಚಿ ಪರೀಕ್ಷೆ ಮಾಡಿಸಿದ್ದರೆ ನನ್ನ ಕಾಗದದಲ್ಲಿ ಸೆಕೆಂಡೇ ಇರುತ್ತಿರಲಿಲ್ಲ. ಕೈ ಊರದೆ ಐದು ಸಲ ಏಳಲು ಆಗದವರಿಗೆ "ಮಾಡಲಾಗಲಿಲ್ಲ" ಅಂತ ಬರೆಯುತ್ತೇವೆ. ಮಾಡಲಾಗಲಿಲ್ಲ ಅನ್ನುವಲ್ಲಿಂದ 13.4ಕ್ಕೆ ಬಂದಿದ್ದಾರೆ. ನಿಮ್ಮ ಹತ್ತಿರ ಮೊದಲ ಅಳತೆ ಇಲ್ಲ ಅಂದಿರಲ್ಲ, ಅದು ಕ್ಯಾಲೆಂಡರಿನಲ್ಲೇ ಇತ್ತು.

ಸ್ಕ್ಯಾನ್ ಕೋಣೆಯಿಂದ

ಅಕ್ಕ, ಆ ಕ್ಯಾಲೆಂಡರನ್ನು ವರ್ಷ ಕಳೆದ ಮೇಲೆ ಎಸೆಯಬೇಡಿ. ಮತ್ತೆ ಅಮ್ಮನ ಎಲುಬಿನ ಸಾಂದ್ರತೆ ಯಾವತ್ತಾದರೂ ನೋಡಿಸಿದ್ದೀರಾ? 65 ದಾಟಿದ ಹೆಂಗಸರು ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು. ಅದರ ಜೊತೆಗೇ ಇಡೀ ದೇಹದ್ದೂ ಮಾಡಿಸಿದರೆ ಒಂದು ಮೊದಲ ಅಂಕಿ ಸಿಗುತ್ತದೆ.

ಕುಂಜಿಬೆಟ್ಟು ಮಗಳು

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಸ್ಕ್ಯಾನ್ ಮಾಡಿಸಿದೆವು. ಕೈಕಾಲಿನ ಲೀನ್ 13.1 ಕಿಲೋ, ಎತ್ತರದ ಲೆಕ್ಕ ಹಾಕಿದರೆ 5.67. ಗೆರೆಗಿಂತ ಮೇಲೆ ಉಂಟು. ಸೊಂಟದ ಎಲುಬು ಸ್ವಲ್ಪ ತೆಳ್ಳಗಾಗಿದೆ, ಟಿ ಸ್ಕೋರ್ (ಆರೋಗ್ಯವಂತ ಯುವಜನರ ಎಲುಬಿಗೆ ಹೋಲಿಸಿದ ಅಂಕಿ) ಮೈನಸ್ 1.8. ಮೈನಸ್ 2.5 ತಲುಪಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಎಲುಬು ಸವೆಯುವ ಕಾಯಿಲೆ ಅನ್ನುತ್ತಿದ್ದರಂತೆ. ಭಾರ ಎತ್ತುವುದನ್ನು ಬಿಡಲೇಬಾರದು, ಆದರೆ ಬೆನ್ನು ಬಗ್ಗಿಸಿ ಎತ್ತಬಾರದು, ಉಸಿರು ಕಟ್ಟಬಾರದು ಅಂತ ಡಾಕ್ಟ್ರು ಹೇಳಿದರು. ಮುಂದಿನ ಸ್ಕ್ಯಾನ್ ಒಂದು ವರ್ಷ ಬಿಟ್ಟು, ಅಲ್ಲೇ.

ಮನೆಯ ಮೆಷಿನನ್ನೂ ಎಸೆದಿಲ್ಲ. ಮೂರು ದಿನ ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ಪಾದ ಒರೆಸಿ, ಏನೂ ಕುಡಿಯುವ ಮೊದಲು ನಿಲ್ಲಿಸಿದೆ. ಸ್ನಾಯು 33.3, 33.6, 33.2 ಬಂತು. ಮೂರು ದಿನದಲ್ಲೇ ಇಷ್ಟು ಆಚೀಚೆ! ಸರಾಸರಿ ಬರೆದಿಟ್ಟಿದ್ದೇನೆ. ಇನ್ನು ಮೂರು ತಿಂಗಳಿಗೊಮ್ಮೆ ಹೀಗೇ ಮೂರು ದಿನ ನೋಡುವುದು. ಏಕಾದಶಿಯ ವಾರ ಖಂಡಿತ ಇಲ್ಲ.

ಕುರ್ಚಿ ಪರೀಕ್ಷೆ ನಿನ್ನೆ 12.6. ಕೆಳಗಿನದ್ದು ಅಮ್ಮ ಹೇಳಿ ಬರೆಸಿದ್ದು:

"ಎಲ್ಲರಿಗೂ ನಮಸ್ಕಾರ. ಮಳೆ ಬಿಡುತ್ತಿಲ್ಲ, ಹೊರಗೆ ನಡೆಯಲು ಆಗುವುದಿಲ್ಲ. ಹಾಗಾಗಿ ಡಂಬೆಲ್ ತಪ್ಪಿಸುವುದಿಲ್ಲ. ಬಿಜೈಯವರೇ, ನಿಮ್ಮ ಮಾತಿನಿಂದ ನನಗೆ ಧೈರ್ಯ ಬಂತು. ಫಿಸಿಯೋ ಡಾಕ್ಟ್ರೇ, ನನಗೆ ಸೆಕೆಂಡಿನ ಆಸೆ ಇಲ್ಲ. ನನಗೆ ಹೆರೆಮಣೆಯಲ್ಲಿ ಕೂತು ಕಾಯಿ ಹೆರೆದು, ಯಾರ ಕೈಯೂ ಹಿಡಿಯದೆ ಏಳಬೇಕು. ಮಿಕ್ಸಿಗೆ ಹಾಕಿದ ಕಾಯಿಯಲ್ಲಿ ಪತ್ರೊಡೆ ರುಚಿ ಬರುವುದಿಲ್ಲ. ಅದಕ್ಕೆ ಇನ್ನು ಏನು ಮಾಡಬೇಕು ಹೇಳಿ."

ಕಂಕನಾಡಿ ಫಿಸಿಯೋ

ಅಮ್ಮಾ, ನಮಸ್ಕಾರ. ನೇರ ಹೆರೆಮಣೆಗೆ ಇಳಿಯಬೇಡಿ. ನಡುವೆ ಎರಡು ಮೆಟ್ಟಿಲು ಮಾಡಿಕೊಳ್ಳೋಣ. ಮೊದಲ ಮೂರು ವಾರ ಮಂಡಿಗಿಂತ ಸ್ವಲ್ಪ ಕೆಳಗಿರುವ ಗಟ್ಟಿ ಸ್ಟೂಲ್, ಗೋಡೆಗೆ ಒತ್ತಿ ಇಟ್ಟದ್ದು. ಕೈ ಊರದೆ ಎಂಟು ಸಲ ಆದ ಮೇಲೆ ಅದಕ್ಕಿಂತ ತಗ್ಗಿನ ಸ್ಟೂಲ್. ಎದುರಿಗೆ ಒಂದು ಭಾರದ ಕುರ್ಚಿ ಇರಲಿ, ಬೇಕಾದರೆ ಹಿಡಿಯಲಿಕ್ಕೆ. ಮಗಳು ಪಕ್ಕದಲ್ಲಿರಲಿ. ಇದರ ಜೊತೆ ಗೋಡೆ ಹಿಡಿದು ಒಂದು ಮಂಡಿ ನೆಲಕ್ಕೆ ಊರಿ ಏಳುವುದನ್ನೂ ಕಲಿಯಬೇಕು. ಅದನ್ನು ಒಮ್ಮೆ ಎದುರಿಗೇ ತೋರಿಸಬೇಕು, ಬರೆದು ಹೇಳಿದರೆ ಸಾಲದು. ನಿಮ್ಮ ಹತ್ತಿರದ ಯಾವ ಫಿಸಿಯೋ ಆದರೂ ಹೇಳಿಕೊಡುತ್ತಾರೆ.

ಸ್ಟೂಲಿನ ಎತ್ತರ ಟೇಪಿನಲ್ಲಿ ಅಳೆದು ಕ್ಯಾಲೆಂಡರಿನಲ್ಲಿ ಬರೆಯಿರಿ.

ಕುಂಜಿಬೆಟ್ಟು ಮಗಳು

ಅಳೆದೆವು ಸರ್. 38 ಸೆಂಟಿಮೀಟರ್. ಇವತ್ತು ಐದು ಸಲ ಆಯಿತು, ಅಮ್ಮನೇ ಬರೆದುಕೊಂಡರು.